ನಾನು ಮುಚ್ಚಿದ್ದಲ್ಲ, ಅಪ್ಪ

ಇನ್ವರ್ಕಾರ್ಗಿಲ್
ಮೇ ೧೪, ಗುರುವಾರ

ಪ್ರೀತಿಯ ಅಪ್ಪ,

ಲಕೋಟೆಯ ಮೇಲೆ ಕೈಬರಹ ಕಂಡು ಯಾರದಿರಬಹುದು ಎಂದು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ನನ್ನದೇ. ಇದನ್ನು ಮೊದಲು ಈಮೇಲಿನಲ್ಲಿ ಬರೆಯಲು ಕೂತಿದ್ದೆ. ಅರ್ಧಕ್ಕೆ ಬಂದಾಗ ಬ್ರೌಸರ್ ಹೋಯಿತು. ಮಾರನೆಯ ದಿನ ಮತ್ತೆ ಬರೆದೆ. ಈ ಸಲ ಮುಗಿಯುವ ತನಕ ಕಾದು ಹೋಯಿತು. ಉಳಿದದ್ದು "ಪ್ರೀತಿಯ ಅಪ್ಪ" ಎನ್ನುವ ಸಾಲು ಮಾತ್ರ. ಈಗ ಮೆಷಿನ್ ಸರಿಯಾಗಿದೆ, ಹೇಗೆ ಸರಿಯಾಯಿತು ಎಂದು ಮುಂದೆ ಹೇಳುತ್ತೇನೆ. ಅಷ್ಟರಲ್ಲಿ ಪೆನ್ನು ಕೈಗೆ ಹತ್ತಿಬಿಟ್ಟಿತ್ತು.

ಅಲ್ಲಿ ಗಾಳಿ ಹೇಗಿದೆ ಎಂದು ಕೇಳುವುದಿಲ್ಲ. ನಿನ್ನ ದ್ವೀಪದ ಹವಾಮಾನದ ಪುಟ ನನ್ನ ಎದುರು ಯಾವಾಗಲೂ ತೆರೆದೇ ಇರುತ್ತದೆ. ನಿನ್ನೆ ವಿಮಾನ ಬಂದಿರಲಾರದು, ಅಲ್ಲವೇ?

ನೀನು ಈಸ್ಟರ್ ಕಳೆದ ಮೇಲೆ ಕಳಿಸಿದ ಆ ನಾಲ್ಕು ಸಾಲು ನನಗೆ ಬಾಯಿಪಾಠವಾಗಿವೆ. "ರೋನಾ, ನೀನು ಫೋಟೋ ತೆಗೆದು ಕಳಿಸಿದ ಬ್ರೌಸರಿನ ಕ್ರ್ಯಾಶ್ ಪುಟ ನೋಡಿದೆ. ಆ ಭಾನುವಾರಗಳದ್ದು ಒಂದೂ ಇಲ್ಲ. ತಾನಾಗಿ ಬಿದ್ದ ಬ್ರೌಸರ್ ಗುರುತು ಬಿಡುತ್ತೆ, ಕೈಯಿಂದ ಮುಚ್ಚಿದ್ದು ಬಿಡಲ್ಲ. ನೀನೀಗ ದೊಡ್ಡವಳು. ಮಾತು ಸಾಕು ಅನ್ನಿಸಿದ್ರೆ ಪಾಪ ಮೆಷಿನ್ ಮೇಲೆ ಹಾಕ್ಬೇಡ. ಭಾನುವಾರದ ವೀಡಿಯೊ ಕರೆ ನಿಲ್ಲಿಸ್ತೀನಿ. ಬೇಸರ ಏನಿಲ್ಲ."

ಬೇಸರ ಏನಿಲ್ಲ ಎಂದು ಜನ ಯಾವಾಗ ಬರೆಯುತ್ತಾರೆ ಎನ್ನುವುದು ನನಗೆ ಗೊತ್ತು.

ಅದನ್ನು ಓದಿದ ತಕ್ಷಣ ನಿನಗೆ ಫೋನ್ ಮಾಡಿದೆ. ನೀನು ಮೀನಿನ ಕಾರ್ಖಾನೆಯಲ್ಲಿದ್ದೆ, ಹಿಂದೆ ಯಾವುದೋ ಪಂಪು ಗರಗರ ಅನ್ನುತ್ತಿತ್ತು. "ನಾನು ಮುಚ್ಚಿದ್ದಲ್ಲ ಅಪ್ಪ" ಅಂದೆ. "ಪರ್ವಾಗಿಲ್ಲ ಪುಟ್ಟಿ, ಪರ್ವಾಗಿಲ್ಲ" ಅಂದೆ ನೀನು. ಜ್ವರ ಬಂದ ಮಗುವಿಗೆ ಹೇಳುವ ಹಾಗೆ. ಆಮೇಲೆ ಪಂಪು ಒಂದೇ ಮಾತಾಡುತ್ತಿತ್ತು.

ನಿನ್ನ ಮೇಲೆ ಕೋಪವಿಲ್ಲ. ನಮ್ಮ ಮನೆಯಲ್ಲಿ ಬಾಯಿಮಾತಿಗೆ ಯಾವತ್ತೂ ಅಷ್ಟು ಬೆಲೆ ಇರಲಿಲ್ಲ, ಮೆಷಿನ್ ಏನು ಹೇಳಿತು ಎನ್ನುವುದಕ್ಕೆ ಬೆಲೆ. ನಾನೇನೂ ಮಾಡಿಲ್ಲ ಎಂದು ನಾನೂ ಅಮ್ಮನೂ ಎಷ್ಟು ಹೇಳಿದರೂ ನೀನು ಕನ್ನಡಕ ಹಣೆಗೇರಿಸಿ "ಲಾಗ್ ನೋಡೋಣ" ಅನ್ನುತ್ತಿದ್ದೆ. ಹಾಗಾಗಿ ನಾನೂ ಲಾಗ್ ನೋಡಿದೆ. ಅದನ್ನು ಹೇಳುವುದಕ್ಕೇ ಈ ಪತ್ರ. ಆದರೆ ಬರೆಯಲು ಕೂತರೆ ಹಳೆಯದೆಲ್ಲ ಮುಂದೆ ಬಂದು ನಿಲ್ಲುತ್ತಿದೆ, ಸ್ವಲ್ಪ ತಾಳಿಕೋ.

ಆ ಮೆಷಿನ್ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಯಾವುದೋ ಕಚೇರಿಯವರು ಹೊರಗೆ ಹಾಕಿದ್ದ ಕಂಪ್ಯೂಟರನ್ನು ನೀನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಕಟ್ಟಿದ್ದೆ. ಮುಂದೆ ಕೂತ ನಾನು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಿದ್ದೆ, ತಮ್ಮನನ್ನು ಕರೆತರುತ್ತಿರುವ ಹಾಗೆ. ನೀನು ಊಟದ ಮೇಜಿನ ಮೇಲೆ ಪೇಪರ್ ಹಾಸಿ ಅದರ ಮುಚ್ಚಳ ತೆಗೆದೆ. ಒಳಗೆ ಬೂದು ಬಣ್ಣದ ಧೂಳು, ಉಣ್ಣೆಯ ಹಾಗೆ ಮೆತ್ತಗೆ. ಬಣ್ಣ ಬಳಿಯುವ ಬ್ರಷ್ಷಿನಿಂದ ನೀನು ಅದನ್ನು ಎಷ್ಟು ನಾಜೂಕಾಗಿ ಗುಡಿಸುತ್ತಿದ್ದೆಯೆಂದರೆ ನಾನು ಉಸಿರು ಬಿಗಿಹಿಡಿದಿದ್ದೆ. ಸ್ಕ್ರೂಗಳನ್ನು ಅಮ್ಮನ ಮಫಿನ್ ತಟ್ಟೆಯ ಗುಳಿಗಳಲ್ಲಿ ಗಾತ್ರದ ಪ್ರಕಾರ ಇಡುವುದು ನನ್ನ ಕೆಲಸ. ಅಮ್ಮ ಬಾಗಿಲಲ್ಲಿ ನಿಂತು "ಅಲಿಸ್ಟರ್, ನಾಳೆ ಮಫಿನ್‌ನಲ್ಲಿ ಸ್ಕ್ರೂ ಸಿಕ್ರೆ ನಿಂಗೇ ತಿನ್ನಿಸ್ತೀನಿ ನೋಡು" ಅಂದಳು. ನೀನು ತಲೆ ಎತ್ತದೆ "ಎಷ್ಟನೇ ನಂಬರಿನ ಸ್ಕ್ರೂ ಅಂತ ಹೇಳಿ ತಿನ್ಸು" ಅಂದೆ. ಅಮ್ಮ ನಕ್ಕಿದ್ದಳು. ಅವಳು ಆಗೆಲ್ಲ ನಗುತ್ತಿದ್ದಳು.

ಆಮೇಲೆ ನೀನು ಅದರಲ್ಲಿದ್ದ ಅಂಗಡಿಯ ಸಿಸ್ಟಂ ತೆಗೆದು ಲಿನಕ್ಸ್ ಹಾಕಿದೆ. ಮುಚ್ಚಳದ ಮೇಲೆ ಅದರ ಗುರುತಿನ ಪೆಂಗ್ವಿನ್ ಚೀಟಿ ಅಂಟಿಸಿದೆ, ಸ್ವಲ್ಪ ಸೊಟ್ಟಗೆ. ನನ್ನ ಜೊತೆ ಓದುತ್ತಿದ್ದ ಕರ್ಸ್ಟಿ ಒಮ್ಮೆ ಮನೆಗೆ ಬಂದವಳು ತೆರೆ ನೋಡಿ "ನಿಮ್ಮನೇದು ಕೆಟ್ಟೋಗಿದ್ಯಾ? ಎಲ್ಲಾ ಬೇರೆ ಥರ ಇದೆ" ಎಂದು ಕೇಳಿದ್ದಳು. ನನಗೆ ಕೆನ್ನೆ ಬಿಸಿಯಾಯಿತು. "ಕೆಟ್ಟಿಲ್ಲ, ಇದು ನಮ್ದು" ಅಂದೆ. ಅದು ನಿನ್ನ ಮಾತು. ಬೇರೆಯವರ ಮನೆಯದು ಅಂಗಡಿಯವನದು, ನಮ್ಮದು ನಮ್ಮದು ಎಂದು ನೀನು ಹೇಳುತ್ತಿದ್ದೆ. ಕರ್ಸ್ಟಿಗೆ ಅದು ಅರ್ಥವಾಗಲಿಲ್ಲ, ನನಗೂ ಆಗಿರಲಿಲ್ಲ. ಆದರೂ ಹೆಮ್ಮೆಯಾಗಿತ್ತು.

ನಮ್ಮದು ಆಗಾಗ ಬೀಳುತ್ತಿತ್ತು, ಅದೂ ನಿಜ. ಬೇರೆಯದೆಲ್ಲ ಗಟ್ಟಿ, ಬ್ರೌಸರ್ ಒಂದೇ ಅಳುಬುರುಕ. ನೋಡುತ್ತಿದ್ದ ಪುಟ ಇದ್ದಕ್ಕಿದ್ದ ಹಾಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು, ಮೌಸ್ ಎಳೆದಲ್ಲಿ ಕಿಟಕಿಯ ನೆರಳು ಸಾಲುಸಾಲಾಗಿ ಉಳಿಯುತ್ತಿತ್ತು. ನಾನು ಕಿರುಚುತ್ತಿದ್ದೆ. ನೀನು ಗ್ಯಾರೇಜಿನಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದು "ಯಾರೂ ಮುಟ್ಬೇಡಿ!" ಅನ್ನುತ್ತಿದ್ದೆ. ಅಮ್ಮ ಒಳಗಿನಿಂದ "ಸತ್ತೋಯ್ತಾ ನಿನ್ನ ಪೆಂಗ್ವಿನ್ನು?" ಎಂದರೆ, "ಸತ್ತಿಲ್ಲ ರೇವಿನ್, ಉಸಿರು ಹಿಡ್ಕೊಂಡಿದೆ" ಎಂದು ಉತ್ತರ. ಆಗ ಅಮ್ಮ ಚೀಸ್ ರೋಲುಗಳನ್ನು ಗ್ರಿಲ್ಲಿಗಿಡುತ್ತಿದ್ದಳು. ಅವು ಕೆಂಪಗಾಗುವ ಹೊತ್ತಿಗೆ ನೀನು ಅದನ್ನು ಎಬ್ಬಿಸಿರುತ್ತಿದ್ದೆ. ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ಒಂದೇ ಕೋಣೆಯಲ್ಲಿ ಇರುತ್ತಿದ್ದದ್ದು ಬ್ರೌಸರ್ ಬಿದ್ದಾಗ. ಈಗ ಹಿಂದೆ ನೋಡಿದರೆ ಹಾಗನ್ನಿಸುತ್ತದೆ.

ಮತ್ತೆ ಆ ಪುಟ್ಟ ಚೌಕ. "ಕ್ಷಮಿಸಿ, ಹೀಗಾಯಿತು, ಆಗ ನೀವು ಏನು ಮಾಡುತ್ತಿದ್ದಿರಿ?" ಎಂದು ಬ್ರೌಸರ್ ಎದ್ದ ಮೇಲೆ ಕೇಳುತ್ತಿತ್ತಲ್ಲ, ಅದು. ಲೋಕದಲ್ಲಿ ಎಲ್ಲರೂ ಅದನ್ನು ಓದದೆ ಮುಚ್ಚುತ್ತಾರೆಂದು ನನಗೆ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೋದ ಮೇಲೆ ತಿಳಿಯಿತು. ನಮ್ಮಲ್ಲಿ ಅದನ್ನು ತುಂಬದೆ ಯಾರೂ ಏಳುವಂತಿರಲಿಲ್ಲ. "ಯಾರೋ ಒಬ್ರು ಎಲ್ಲೋ ಕೂತು ಇದನ್ನ ಓದ್ತಾರೆ. ಸಂಬಳ ತಗೊಳ್ದೆ ಓದ್ತಾರೆ. ಅವ್ರಿಗೆ ಸುಳ್ಳು ಹೇಳ್ಬಾರ್ದು" ಅನ್ನುತ್ತಿದ್ದೆ. ನಾನು ನಾಲಿಗೆ ಕಚ್ಚಿಕೊಂಡು ಒಂದೊಂದೇ ಕೀಲಿ ಹುಡುಕಿ ಬರೆಯುತ್ತಿದ್ದೆ: ನಾನು ಕುದುರೆಯ ಚಿತ್ರ ನೋಡುತ್ತಿದ್ದೆ. ಕಂದು ಕುದುರೆ. ಅಮ್ಮ ಕರೆದಳು, ಹೋದೆ. ಬಂದು ನೋಡಿದರೆ ಕುದುರೆ ಇರಲಿಲ್ಲ.

ನೀನು ಅದನ್ನು ತಿದ್ದಲಿಲ್ಲ. ಕಂದು ಎನ್ನುವುದು ಬೇಕಾ ಎಂದು ನಾನು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ "ಇರ್ಲಿ, ಉಪಯೋಗಕ್ಕೆ ಬರ್ಬಹುದು" ಅಂದೆ. ಸಾಹಿತ್ಯ ಓದುತ್ತೇನೆಂದಾಗ ಎಲ್ಲಿಂದ ಬಂತು ಈ ಹುಚ್ಚು ಎಂದು ಅಜ್ಜಿ ಕೇಳಿದಳಲ್ಲ. ಅವಳಿಗೆ ಉತ್ತರ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ. ಆ ಚೌಕದಿಂದ ಬಂತು. ಕಾಣದ ಯಾರೋ ಒಬ್ಬರು ಓದುತ್ತಾರೆ, ಅವರಿಗೆ ಸುಳ್ಳು ಹೇಳಬಾರದು. ಇದಕ್ಕಿಂತ ಹೆಚ್ಚಿನದನ್ನು ನನಗೆ ಯಾವ ಅಧ್ಯಾಪಕರೂ ಕಲಿಸಲಿಲ್ಲ.

ನೀನು ದ್ವೀಪಕ್ಕೆ ಹೋದದ್ದು ನನ್ನ ಶಾಲೆಯ ಕೊನೆಯ ವರ್ಷದಲ್ಲಿ. ಒಂದು ವರ್ಷದ ಕೆಲಸ, ಕಾರ್ಖಾನೆಯ ಶೀತಲಯಂತ್ರಗಳನ್ನು ನೋಡಿಕೊಳ್ಳುವುದು ಎಂದಿದ್ದೆ. ಅಮ್ಮ "ಹೋಗು" ಅಂದಳು. ನೀನು "ಬರ್ತೀಯಾ?" ಎಂದು ಕೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ, ಕೇಳಿದೆಯೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ನಿಮ್ಮಿಬ್ಬರ ನಡುವೆ ಜಗಳ ಆಗಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಒಂದು ವರ್ಷ ಎರಡಾಯಿತು, ಆಮೇಲೆ ಎಣಿಸುವುದನ್ನು ಮೂವರೂ ಬಿಟ್ಟೆವು. ಮೆಷಿನ್ ಮಾತ್ರ ಇಲ್ಲೇ ಉಳಿಯಿತು. ಅಮ್ಮ ಅದರ ಧೂಳು ಒರೆಸುತ್ತಾಳೆ, ಅಷ್ಟೆ. ಅದರ ಮುಂದೆ ಕೂರುವುದಿಲ್ಲ.

ಹೀಗೆ ಶುರುವಾಯಿತು ನಮ್ಮ ಭಾನುವಾರ. ನನಗೆ ಮೂರು ಗಂಟೆ, ನಿನಗೆ ಮೂರೂ ಮುಕ್ಕಾಲು. ಆ ಮುಕ್ಕಾಲು ಗಂಟೆ ನನಗೆ ಇವತ್ತಿಗೂ ವಿಚಿತ್ರ. ಪೂರ್ತಿ ಒಂದು ಗಂಟೆಯಷ್ಟೂ ದೂರ ಹೋಗಲಾರದವನ ಹಾಗೆ ಇದ್ದೀಯಲ್ಲ ಎಂದು ಒಮ್ಮೆ ಹೇಳಬೇಕೆಂದುಕೊಂಡಿದ್ದೆ, ಹೇಳಲಿಲ್ಲ. ತೆರೆಯ ಮೇಲೆ ನಾವಿಬ್ಬರೂ ಎಷ್ಟು ಕೆಟ್ಟದಾಗಿ ಮಾತಾಡುತ್ತಿದ್ದೆವು! "ಹೇಗಿದೀಯ?" "ಚೆನ್ನಾಗಿದೀನಿ. ನೀನು?" "ನಾನೂ." ಆಮೇಲೆ ಸ್ಯಾಟಲೈಟಿನ ತಡದಿಂದ ಇಬ್ಬರೂ ಒಟ್ಟಿಗೆ ಬಾಯಿ ತೆಗೆದು, ಒಟ್ಟಿಗೆ "ನೀನು ಹೇಳು" ಎಂದು, ಒಟ್ಟಿಗೆ ಸುಮ್ಮನಾಗುವುದು. ಬ್ರೌಸರ್ ಬಿದ್ದರೆ ಮಾತ್ರ ನಮಗೆ ಮಾತು. ತಕ್ಷಣ ಫೋನ್ ಹೊಡೆದುಕೊಳ್ಳುತ್ತಿತ್ತು, ನಿನ್ನ ದನಿಯೇ ಬೇರೆ ಆಗಿರುತ್ತಿತ್ತು. "ಟರ್ಮಿನಲ್ ತೆಗಿ, ಆ ಕಪ್ಪು ಕಿಟಕಿ. ಏನ್ ಹೇಳ್ತಿದೆ?" "ತುಂಬಾ ಹೇಳ್ತಿದೆ ಅಪ್ಪ." "ಎಲ್ಲಾ ಬೇಡ, ಕೊನೇ ಸಾಲು ಓದು." ನಾನು ಓದುತ್ತಿದ್ದೆ, ನೀನು "ಹ್ಞೂಂ... ಹ್ಞೂಂ..." ಅನ್ನುತ್ತಿದ್ದೆ, ಒಳ್ಳೆಯ ಸುದ್ದಿ ಕೇಳುತ್ತಿರುವವನ ಹಾಗೆ. ಹಾಗಾಗಿ ಅದು ಬಿದ್ದಾಗ ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಗುತ್ತಿದ್ದದ್ದು ಹೌದು. ಇಷ್ಟನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಖುಷಿಪಡುವುದು ಬೇರೆ, ಬೀಳಿಸುವುದು ಬೇರೆ.

ಈ ಬೇಸಿಗೆ ಮುಗಿಯುವ ಹೊತ್ತಿಗೆ, ಫೆಬ್ರವರಿಯ ಕೊನೆಗೆ, ಅದು ಪ್ರತಿ ಭಾನುವಾರವೂ ಬೀಳತೊಡಗಿತು. ನಿನ್ನ ಮುಖ ಬಂದು, ನೀನು ಕೈ ಬೀಸಿ, ನಾನು ಬೀಸುವಷ್ಟರಲ್ಲಿ ಕಿಟಕಿ ಪಟ್ಟನೆ ಮಾಯ. ಮೊದಲಿನ ಹಾಗೆ ಬೂದು ಬಣ್ಣವೂ ಇಲ್ಲ, ಆ ಚೌಕವೂ ಬರುತ್ತಿರಲಿಲ್ಲ. ಖಾಲಿ ತೆರೆ, ಹಿನ್ನೆಲೆಯಲ್ಲಿ ನೀನು ಹಾಕಿಕೊಟ್ಟ ಬ್ಲಫ್ ಬಂದರಿನ ಚಿತ್ರ. ನೀನು ಫೋನಿನಲ್ಲಿ "ಮತ್ತಾ?" ಎಂದೆ ಒಮ್ಮೆ. ಆಮೇಲಿನ ವಾರ ಬರೇ "ಓ" ಎಂದೆ. ಅದರ ಮುಂದಿನ ವಾರ, ಬ್ರೌಸರ್ ತಾನು ಬಿದ್ದದ್ದನ್ನು ಪಟ್ಟಿ ಮಾಡಿಡುವ ಕ್ರ್ಯಾಶ್ ಪುಟದ ಫೋಟೋ ಕೇಳಿದೆ. ನಾನು ಕಳಿಸಿದೆ. ಆ ಪುಟ ಖಾಲಿ ಇದೆ ಎನ್ನುವುದರ ಅರ್ಥ ನಿನ್ನ ಉತ್ತರ ಬರುವವರೆಗೂ ನನಗೆ ಹೊಳೆದಿರಲಿಲ್ಲ.

ಯಾರನ್ನು ಕೇಳಲಿ ಎಂದು ತೋಚದೆ ಕೊನೆಗೆ ನಿಮ್ಮ ಹಳೆಯ ಲಿನಕ್ಸ್ ಗುಂಪಿಗೆ ಹೋದೆ. ಇನ್ನೂ ತಿಂಗಳಿಗೊಮ್ಮೆ ಚರ್ಚಿನ ಹಿಂದಿನ ಹಾಲಿನಲ್ಲಿ ಸೇರುತ್ತಾರೆ. ಅದೇ ಬಿಸಿನೀರಿನ ಡಬ್ಬಿ, ಅದೇ ಶುಂಠಿ ಬಿಸ್ಕತ್ತು. ನಿನ್ನ ಕಾಲದವರಲ್ಲಿ ಉಳಿದದ್ದು ನಾಲ್ಕು ಜನ. ನಾನು ಹೇಳಿದ್ದನ್ನು ಕೇಳಿ ನಾಲ್ವರೂ ಖುಷಿಯಿಂದ ಕುರ್ಚಿ ಎಳೆದುಕೊಂಡರು. ನಾಲ್ಕು ಜನ, ಐದು ಕಾರಣ. ಅವರಲ್ಲಿ ನೋಯೆಲ್ ಅಂಕಲ್ ಮಾರನೆಯ ದಿನವೇ ಟಾರ್ಚು ಹಿಡಿದು ಮನೆಗೆ ಬಂದರು. ಅಲ್ಯುಮಿನಿಯಂ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಹೊತ್ತು ಹೋಗುವುದಿಲ್ಲವಂತೆ. "ಗ್ರಾಫಿಕ್ಸ್ ಕಾರ್ಡೇ ಕಣಮ್ಮ. ನೂರಕ್ಕೆ ನೂರು" ಅಂದರು, ಮೆಷಿನ್ನಿಗೆ ಕೈ ಹಾಕುವ ಮುಂಚೆಯೇ. ಏನೇನೋ ಬದಲಾಯಿಸಿದರು. ನಾವು ಚಹಾ ಕುಡಿಯುತ್ತಿದ್ದಾಗ ಅದು ನಮ್ಮ ಕಣ್ಣೆದುರೇ ಬಿತ್ತು. "ಹಾಗಾದ್ರೆ ಗ್ರಾಫಿಕ್ಸ್ ಕಾರ್ಡ್ ಅಲ್ಲ" ಅಂದರು. "ನೂರಕ್ಕೆ ನೂರಾ ಅಂಕಲ್?" ಅಂದೆ. "ನಿಮ್ಮಪ್ಪನ ಮಗಳೇ ನೀನು" ಎಂದು ಬಿಸ್ಕತ್ತಿನಿಂದ ನನ್ನನ್ನು ತೋರಿಸಿದರು.

ಅವರು ಹೋದ ಮೇಲೆ ನಾನೇ ಕೂತೆ. ನನಗೆ ಮೆಷಿನ್ ಬಿಚ್ಚಲು ಬರುವುದಿಲ್ಲ. ಓದಲು ಬರುತ್ತದೆ. ಸಿಸ್ಟಂ ಬರೆದುಕೊಳ್ಳುವ ಉದ್ದದ ಲಾಗನ್ನು ತೆಗೆದು, ಕೊನೆಯ ಸಾಲನ್ನಷ್ಟೇ ಅಲ್ಲ, ಭಾನುವಾರ ಮಧ್ಯಾಹ್ನದಿಂದ ಹಿಡಿದು ಒಂದೊಂದೇ ಸಾಲು ಓದಿದೆ, ದಪ್ಪ ಕಾದಂಬರಿ ಓದುವ ಹಾಗೆ, ಅರ್ಥವಾಗದ ಹೆಸರುಗಳನ್ನು ಸದ್ಯಕ್ಕೆ ಬಿಟ್ಟು. ಮೂರು ಗಂಟೆಯಾಗಿ ಸ್ವಲ್ಪ ಹೊತ್ತಿಗೆ ಆ ಸಾಲು ಇತ್ತು. ಮೆಮೊರಿ ಮುಗಿಯಿತು, ಬ್ರೌಸರನ್ನು ಕೊಂದಿದ್ದೇನೆ ಎಂದು. ಕ್ಷಮೆಯಿಲ್ಲ, ಪ್ರಶ್ನೆಯಿಲ್ಲ. ಹಿಂದಿನ ಭಾನುವಾರಕ್ಕೆ ಹೋದೆ, ಅಲ್ಲೂ ಅದೇ ಸಾಲು. ಅದರ ಹಿಂದಿನದಕ್ಕೂ ಹೋದೆ. ತೆರೆಯ ಮೇಲೆ ಬೆರಳಿಟ್ಟು ದಿನಾಂಕ ಓದಿದೆ ಅಪ್ಪ, ನಗಬೇಡ.

ನನಗೆ ಅರ್ಥವಾದದ್ದು ಇಷ್ಟು, ತಪ್ಪಿದ್ದರೆ ತಿದ್ದು. ಬ್ರೌಸರ್ ತಾನಾಗಿ ಎಡವಿ ಬಿದ್ದರೆ ಬೀಳುವಾಗ ಒಂದು ಗುರುತು ಬರೆದಿಡಲು ಅದಕ್ಕೆ ಸಮಯವಿರುತ್ತದೆ. ಆದರೆ ಮೆಮೊರಿ ತುಂಬಿ ಇಡೀ ಮೆಷಿನ್ ನಿಂತುಹೋಗುವ ಹಾಗಾದಾಗ ಸಿಸ್ಟಂ ಎಲ್ಲಕ್ಕಿಂತ ದೊಡ್ಡದಾಗಿರುವುದನ್ನು ಹಿಡಿದು ಕೊಂದುಬಿಡುತ್ತದೆ, ಬಾಯಿ ತೆರೆಯಲೂ ಬಿಡದೆ. ಸತ್ತದ್ದು ಏನನ್ನೂ ಬರೆದಿಡುವುದಿಲ್ಲ. ಆ ಪುಟ ಖಾಲಿ ಇದ್ದದ್ದು ಅದಕ್ಕೆ, ನಾನು ಮುಚ್ಚಿದ್ದಕ್ಕಲ್ಲ. ಆ ಸಾಲುಗಳನ್ನು ದಿನಾಂಕದ ಸಮೇತ ಬೇರೆ ಹಾಳೆಯಲ್ಲಿ ನಕಲು ಮಾಡಿ ಜೊತೆಗಿಟ್ಟಿದ್ದೇನೆ.

ಇದು ನಿನಗೆ ಗೊತ್ತಿರದ ವಿಷಯವೇನಲ್ಲ. ಬೇರೆ ಯಾರ ಮನೆಯ ಮೆಷಿನ್ ಆಗಿದ್ದರೂ ನೀನು ಮೊದಲು ಅಲ್ಲೇ ನೋಡುತ್ತಿದ್ದೆ. ನನ್ನದಾದ್ದರಿಂದ ನೋಡಲಿಲ್ಲ. ಮಗಳಿಗೆ ನಾನು ಬೇಡವಾದೆ ಎನ್ನುವುದು ನಿನಗೆ ಅಷ್ಟು ಸುಲಭವಾಗಿ ನಂಬಲು ಬಂತು ನೋಡು, ಅದೊಂದು ನನಗೆ ನೋವಾಯಿತು. ಅದನ್ನು ಇಲ್ಲಿ ಬರೆದು ಮುಗಿಸುತ್ತೇನೆ. ಮತ್ತೆ ಎತ್ತುವುದಿಲ್ಲ.

ಇನ್ನು ಮೆಮೊರಿ ತುಂಬಿದ್ದು ಯಾಕೆ ಎನ್ನುವುದು. ಇದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ನೋಯೆಲ್ ಅಂಕಲ್‌ಗೆ ಸಾಲು ತೋರಿಸಿದಾಗ ಅವರು ಟಾರ್ಚು ಪಕ್ಕಕ್ಕಿಟ್ಟು, ಬ್ರೌಸರ್ ತೆಗೆದು, ಮೇಲಿನ ಪಟ್ಟಿಯನ್ನು ನೋಡಿ ಗಟ್ಟಿಯಾಗಿ ಕೂಗಿದರು. "ಅಯ್ಯೋ ಹುಡ್ಗಿ, ಇಷ್ಟೊಂದು ಟ್ಯಾಬಾ! ಎಲ್ಲಾ ಪಿನ್ ಬೇರೆ ಮಾಡಿಟ್ಟಿದೀಯ! ಇದೇನು ಬ್ರೌಸರ್ರೋ ಗುಜರಿ ಅಂಗಡೀನೋ?" ಒಂದೊಂದನ್ನೇ ಒತ್ತಿ ನೋಡುತ್ತ ಹೋದರು. ದ್ವೀಪದ ಹವಾಮಾನ. ಹಡಗು ಬರುವ ದಿನಗಳು, ಯಾವತ್ತೋ ಹೋಗಿಬಿಟ್ಟ ಹಡಗಿನವು. ಬಿಲದಲ್ಲಿ ಗೂಡು ಮಾಡುವ ಕಪ್ಪು ಹಕ್ಕಿ. ನೀಲಿ ಕಾಡ್ ಮೀನನ್ನು ಮುಳ್ಳಿಲ್ಲದ ಹಾಗೆ ಸೀಳುವ ಬಗೆ. ನಿನ್ನ ಮನೆಯ ಹಿಂದಿನ ಗಾಳಿಗೆ ಬಗ್ಗಿದ ಮರಗಳು. ಹಳೆಯ ಕೀಲಿಮಣೆಯನ್ನು ತೊಳೆಯಬಹುದೇ ಎನ್ನುವ ಬಗ್ಗೆ ಯಾರೋ ಇಬ್ಬರ ಜಗಳ. ಅಲ್ಲಿನ ಶಾಲೆಯ ಮಕ್ಕಳು ಬರೆದ ಸುದ್ದಿಪತ್ರಿಕೆ, ಅದರಲ್ಲಿ ಶೀತಲಯಂತ್ರ ತೋರಿಸಿದ್ದಕ್ಕೆ ನಿನಗೆ ಹೇಳಿದ ಧನ್ಯವಾದ.

ಅಂಕಲ್ ಒತ್ತುವುದನ್ನು ನಿಧಾನ ಮಾಡಿದರು. "ಇದೆಲ್ಲಾ ಅಲಿಸ್ಟರ್ ಕಳಿಸಿದ್ದಾ?" ಎಂದರು. ನಾನು ತಲೆಯಾಡಿಸಿದೆ.

ನೀನು ಹೋದ ದಿನದಿಂದ ಕಳಿಸಿದ ಒಂದೊಂದು ಪುಟವನ್ನೂ ನಾನು ತೆರೆದೇ ಇಟ್ಟಿದ್ದೆ, ಅಪ್ಪ. ನಿನ್ನ ಸಂದೇಶಗಳಲ್ಲಿ ಮಾತು ಇರುತ್ತಿರಲಿಲ್ಲ, ಬರೇ ಕೊಂಡಿ. ಅದೇ ನಿನ್ನ ಮಾತು ಎಂದುಕೊಂಡು ಇಟ್ಟುಕೊಂಡೆ. ಬ್ರೌಸರ್ ಬಿದ್ದಾಗ ಕಳೆದುಹೋಗದಿರಲೆಂದು ಪಿನ್ ಮಾಡಿದೆ. ಬೇಕಾದ್ದನ್ನು ಪಿನ್ ಮಾಡು ಎಂದು ನೀನೇ ಕಲಿಸಿದ್ದೆ. ಭಾನುವಾರ ನಿನ್ನ ಕರೆ ಬರುವ ಮುಂಚೆ ಮೆಷಿನ್ ಚೆನ್ನಾಗಿರಲಿ ಎಂದು ಎಲ್ಲ ಆರಿಸಿ ಮತ್ತೆ ಹಚ್ಚುತ್ತಿದ್ದೆ. ಪಿನ್ ಮಾಡಿದ್ದೆಲ್ಲ ಹಾಗೆ ಹಚ್ಚಿದ ಕೂಡಲೇ ಒಟ್ಟಿಗೆ ಎದ್ದು ಕೂರುತ್ತದೆ ಎಂದು ನನಗೇನು ಗೊತ್ತು? ಆ ಗುಂಪಿನ ಮೇಲೆ ನಿನ್ನ ಮುಖ ಬಂದು ಕೂತರೆ ಪಾಪ ಅದಕ್ಕೆ ತಡೆಯಲಾಗುತ್ತಿರಲಿಲ್ಲ.

"ಎಲ್ಲಾ ಮುಚ್ಚು. ಒಂದೇ ನಿಮಿಷದ ಕೆಲ್ಸ" ಅಂದರು ಅಂಕಲ್. ನಾನು ಮೌಸ್ ಮೇಲೆ ಕೈ ಇಟ್ಟೆ, ತೆಗೆದೆ. ಅವರು ನನ್ನ ಮುಖ ನೋಡಿ ಕೆಮ್ಮಿ, "ಇನ್ನೊಂದು ದಾರಿ ಇದೆ ಅನ್ನು" ಅಂದರು. ಮೆಮೊರಿ ತುಂಬಿದಾಗ ಹೆಚ್ಚಾದದ್ದು ಹೋಗಿ ಕೂರಲು ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬಿಟ್ಟಿರುತ್ತಾರಂತೆ. ನಮ್ಮದರಲ್ಲಿ ಅದೇ ಇರಲಿಲ್ಲ. ನೀನು ಹೊರಡುವ ಹಿಂದಿನ ವಾರ ಎಲ್ಲಿಂದಲೋ ತಂದ ಹೊಸ ಬಗೆಯ ಡಿಸ್ಕ್ ಹಾಕಿದೆಯಲ್ಲ, ಅದು ಬೇಗ ಸವೆಯದಿರಲೆಂದು ಆ ಜಾಗವನ್ನೇ ತೆಗೆದುಹಾಕಿದ್ದೆಯಂತೆ. ಅಂಕಲ್ ಜೋರಾಗಿ ನಕ್ಕರು. "ಆಗ ಗುಂಪಿನವ್ರೆಲ್ಲಾ ಹಾಗೇ ಮಾಡ್ತಿದ್ವಿ ಕಣಮ್ಮ. ಡಿಸ್ಕ್ ಉಳಿಸ್ಬೇಕು ಅನ್ನೋದೊಂದೇ ಹುಚ್ಚು. ನಂದೂ ಹತ್ತು ಸಲ ಬಿದ್ದಿದೆ."

ಆ ಜಾಗವನ್ನು ನಾನೇ ಮತ್ತೆ ಮಾಡಿದೆ. ಅಂಕಲ್ ಹೇಳಿದರು, ನಾನು ಟೈಪು ಮಾಡಿದೆ, ಒಂದಕ್ಷರ ತಪ್ಪಿ ಇಡೀ ಡಿಸ್ಕ್ ಅಳಿಸಿಹೋದರೆ ಎಂದು ಹೆದರಿ ಪ್ರತಿ ಸಾಲನ್ನೂ ಅವರಿಂದ ಎರಡೆರಡು ಸಲ ಓದಿಸಿದೆ. ಆಮೇಲೆ ಅವರು ಬ್ಲಫ್‌ನಲ್ಲಿರುವ ತಮ್ಮ ಮನೆಗೆ ಹೋಗಿ ಅಲ್ಲಿಂದ ಪರೀಕ್ಷೆಗೆ ಕರೆ ಮಾಡಿದರು. ಪುಟಗಳೆಲ್ಲ ತೆರೆದೇ ಇದ್ದವು. ತೆರೆ ಸ್ವಲ್ಪ ತಡವರಿಸಿತು, ಅಂಕಲ್ ಮುಖ ಒಂದು ಕಡೆಗೆ ಹಿಗ್ಗಿ ನಿಂತು ಮತ್ತೆ ಸರಿಹೋಯಿತು. ತಮ್ಮ ಸೊಂಟದ ಆಪರೇಷನ್ನಿನ ಕಥೆಯನ್ನು ಆಸ್ಪತ್ರೆಯ ಬಾಗಿಲಿನಿಂದ ಶುರು ಮಾಡಿ ಹೇಳಿದರು, ಮಧ್ಯೆ ಎದ್ದು ಹೋಗಿ ಕಡಲ ಸಿಂಪಿ ತಂದು ಚಿಪ್ಪು ಬಿಡಿಸಿ ತಿಂದರು. "ಇನ್ನೂ ಇದೀಯೇನೇ?" "ಇದೀನಿ ಅಂಕಲ್." "ಬಿದ್ದಿಲ್ವಾ?" "ಇಲ್ಲ." "ಥೂ, ಆಪರೇಷನ್ ಕಥೆ ಮುಗಿದೋಯ್ತಲ್ಲ" ಅಂದರು. ಅದು ಬೀಳಲಿಲ್ಲ ಅಪ್ಪ. ಅಂದಿನಿಂದ ಇವತ್ತಿನವರೆಗೂ ಒಂದು ಸಲವೂ ಬಿದ್ದಿಲ್ಲ.

ಡಿಸ್ಕ್ ಸವೆಯುತ್ತದೆ ಎಂದು ನೀನು ಹೇಳುವುದು ನನಗೆ ಇಲ್ಲಿಂದಲೇ ಕೇಳುತ್ತಿದೆ. ಸವೆಯಲಿ ಬಿಡು. ಎಷ್ಟು ವರ್ಷ ಅದನ್ನು ಉಳಿಸಿದ್ದೀವಿ, ಉಳಿಸಿ ಏನು ಮಾಡಿದೆವು?

ಅಮ್ಮನ ವಿಷಯ ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಚೆನ್ನಾಗಿದ್ದಾಳೆ. ನರ್ಸರಿಯಲ್ಲಿ ಈಗ ಚಳಿಗಾಲದ ಸಸಿಗಳ ಗಡಿಬಿಡಿ, ಉಗುರಿನ ತುಂಬ ಮಣ್ಣು. ಭಾನುವಾರ ನಿನ್ನ ಕರೆಯ ಹೊತ್ತಿಗೆ ಸರಿಯಾಗಿ ನಾಯಿಯನ್ನು ಕರೆದುಕೊಂಡು ಬೀಚಿಗೆ ಹೋಗಿಬಿಡುತ್ತಾಳೆ ಎನ್ನುವುದು ನಿನಗೆ ಗೊತ್ತು. ಬಂದ ಮೇಲೆ ಬೂಟು ಕಳಚುತ್ತ, ನನ್ನ ಕಡೆ ನೋಡದೆ "ಇವತ್ತೂ ಬಿತ್ತಾ?" ಎಂದು ಕೇಳುತ್ತಿದ್ದಳು. ನಾನು ಅದನ್ನು ಚುಚ್ಚುಮಾತು ಎಂದುಕೊಂಡಿದ್ದೆ. ಈಗ ಕರೆ ನಿಂತು ವಾರಗಳಾದರೂ ಮೂರಕ್ಕೆ ಮುಂಚೆ ಹೊರಡುವುದನ್ನು ಬಿಟ್ಟಿಲ್ಲ. ಮೊನ್ನೆ ಭಾನುವಾರ ಗಾಳಿಗೆ ನಾಯಿಯೇ ಹೋಗಲು ಒಲ್ಲದೆ ಬಾಗಿಲಲ್ಲಿ ಮಲಗಿತ್ತು, ಆದರೂ "ಏಳೋ, ಹೊತ್ತಾಯ್ತು" ಎಂದು ಎಳೆದುಕೊಂಡು ಹೋದಳು. ಮೂರಕ್ಕೆ ಇನ್ನು ಐದು ನಿಮಿಷವಿತ್ತು.

ಬರುವ ಭಾನುವಾರದೊಳಗೆ ಈ ಪತ್ರ ನಿನಗೆ ಸಿಗಲಾರದು. ಅದರ ಮುಂದಿನ ಭಾನುವಾರ ಮೂರು ಗಂಟೆಗೆ ನಾನು ಕೂತಿರುತ್ತೇನೆ. ಹೇಳಲು ಏನಾದರೂ ಇರಬೇಕು ಎಂದು ಯೋಚಿಸಬೇಡ. ಇನ್ನು ಮೇಲೆ ಮೆಷಿನ್ ಬಿದ್ದು ನಮ್ಮನ್ನು ಕಾಪಾಡುವುದಿಲ್ಲ, ನಾವೇ ಏನಾದರೂ ಮಾಡಿಕೊಳ್ಳಬೇಕು. ನಿನಗೆ ತೋಚದಿದ್ದರೆ ಆ ಕಪ್ಪು ಹಕ್ಕಿಯಿಂದ ಶುರು ಮಾಡು. ಅದು ರಾತ್ರಿ ಮಾತ್ರ ಗೂಡಿಗೆ ಬರುವುದು ಯಾಕೆ ಎಂದು ಆ ಪುಟದಲ್ಲಿ ಸರಿಯಾಗಿ ಬರೆದಿಲ್ಲ. ನಾನು ಕೇಳುತ್ತೇನೆ.

ಒಂದು ವೇಳೆ ಕಿಟಕಿ ಮಾಯವಾದರೆ, ಮುಚ್ಚಿದಳು ಎಂದುಕೊಳ್ಳಬೇಡ. ಮತ್ತೆ ಕರೆ ಮಾಡು.

ನಿನ್ನ ಮಗಳು,
ರೋನಾ

ಮರೆತ ಮಾತು: ಮೇಲೆ ಮೂರು ಗಂಟೆ ಎಂದು ಬರೆದಿದ್ದೇನೆ. ಮೂರಕ್ಕೆ ಬೇಡ, ನಾಲ್ಕಕ್ಕೆ ಮಾಡು. ನಿನ್ನ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ನಾನು ಲಕೋಟೆ ಅಂಟಿಸುವುದರಲ್ಲಿದ್ದೆ, ಅಮ್ಮ ಅಡುಗೆಮನೆಯಿಂದ ಬಂದು ಹಿಂದೆ ನಿಂತಳು. "ಮೂರಕ್ಕಂತಲಾ ಬರ್ದಿರೋದು? ತಿದ್ದು. ನಾನು ಬೀಚಿಂದ ಬಂದು ತಲೆ ಬಾಚ್ಕೊಳ್ಳೋಕೆ ಸ್ವಲ್ಪ ಟೈಮ್ ಬೇಕು" ಅಂದಳು. ಇಷ್ಟು ಹೇಳಿ ನಾಯಿಗೆ ಊಟ ಹಾಕಲು ಹೋದಳು. ನಾನು ಏನೂ ಕೇಳಲಿಲ್ಲ. ನೀನೂ ಕೇಳಬೇಡ.